ಕರಿಗಿವಿಯ ನಾಯಿ

ನಾಯಿ ತಪ್ಪು ದಿಕ್ಕಿಗೆ ಓಡುತ್ತಿತ್ತು.

ಕತ್ತರಿಮಾಮ ಕೈಯಲ್ಲಿದ್ದ ಕತ್ತರಿಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ ಟಿವಿಯನ್ನೇ ದಿಟ್ಟಿಸಿದ. ಕುರ್ಚಿಯ ಕೈಗಳ ಮೇಲೆ ಅಡ್ಡ ಹಾಕಿದ ಹಲಗೆಯಲ್ಲಿ ಕೂತಿದ್ದ ಐದು ವರ್ಷದ ಹುಡುಗಿ ನಗುತ್ತಿದ್ದಳು, ಬೆಂಚಿನ ಮೇಲಿದ್ದ ಅವಳಮ್ಮ ನಗುತ್ತಿದ್ದಳು, ಕನ್ನಡಿಯ ಪಕ್ಕದ ಗೋಡೆಗೆ ಹಾಕಿಸಿದ ಹೊಸ ಟಿವಿಯ ರಿಮೋಟು ಹಿಡಿದು ನಿಂತಿದ್ದ ಅವನ ಮಗಳೂ ನಗುತ್ತಿದ್ದಳು. ನಗದೆ ಇನ್ನೇನು? ಹೆಬ್ಬಾತು ಹಾಲಿನ ಬಾಟಲಿ ಕಚ್ಚಿಕೊಂಡು ಪರಾರಿಯಾಗುತ್ತಿದೆ, ಹಾಲು ಹಂಚುವ ದಪ್ಪ ಬಿಳಿ ನಾಯಿ ಏದುಸಿರು ಬಿಡುತ್ತಾ ಅದರ ಬೆನ್ನು ಹತ್ತಿದೆ, ತನ್ನ ಬಾಲಕ್ಕಿಂತ ತೆಳ್ಳಗಿರುವ ದೀಪದ ಕಂಬದ ಹಿಂದೆ ಅಡಗಿ ಪೂರ್ತಿ ಮಾಯವಾಗುತ್ತಿದೆ. ಎಲ್ಲ ಸರಿ. ಆದರೆ ನಾಯಿ ಈ ಅಂಗಡಿಯ ಬಾಗಿಲಿರುವ ಕಡೆಯಿಂದ ತಲೆ ತೊಳೆಯುವ ನಲ್ಲಿಯ ಕಡೆಗೆ ಓಡಬೇಕು. ಮೂವತ್ತು ವರ್ಷದಿಂದ ಹಾಗೇ ಓಡಿದೆ. ಇವತ್ತು ನಲ್ಲಿಯ ಕಡೆಯಿಂದ ಬಾಗಿಲ ಕಡೆಗೆ ಓಡುತ್ತಿದೆ.

"ಇದ್ಯಾಕೆ ಉಲ್ಟಾ ಬರ್ತಿದೆ?" ಎಂದು ಮಗಳನ್ನು ಕೇಳಿದ. ಹಳೆಯ ಕ್ಯಾಸೆಟ್ಟಿನಲ್ಲಿದ್ದದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟವನು ಏನೋ ಎಡವಟ್ಟು ಮಾಡಿದ್ದಾನೆ, ಹೋಗಿ ನಾಲ್ಕು ಮಾತು ಅಂದು ಬರಬೇಕು ಎಂದು ಗೊಣಗಿದ. ಅಷ್ಟರಲ್ಲಿ ನಾಯಿ ಕಾಲು ಜಾರಿ ಚೆಲ್ಲಿದ ಹಾಲಿನಲ್ಲಿ ಬಿತ್ತು. ಎದ್ದು ಕೂತು, ನೋಡುವವರ ಕಡೆಗೆ ಮುಖ ತಿರುಗಿಸಿ, ನಾಚಿಕೆಯಿಂದ ತನ್ನ ಕರಿ ಕಿವಿಯನ್ನು ಕಣ್ಣಿನ ಮೇಲೆ ಎಳೆದುಕೊಂಡಿತು. ಮೈಯೆಲ್ಲ ಬಿಳಿ, ಒಂದೇ ಒಂದು ಕಿವಿ ಕಪ್ಪು. ಆ ಕಿವಿ ಬಲಗಿವಿ.

ಕತ್ತರಿಮಾಮ ಕತ್ತರಿ ಕೆಳಗಿಟ್ಟ.

ಮಗಳು ಟಿವಿ ನೋಡಿದಳು. ಆಮೇಲೆ ಹಿಂದಿನ ಗೋಡೆಯಲ್ಲಿ, ಬೆಂಚಿನ ಮೇಲ್ಗಡೆ, ಹಳೆಯ ಟಿವಿ ಇದ್ದ ಖಾಲಿ ಮರದ ಗೂಡನ್ನು ನೋಡಿದಳು. ಆಮೇಲೆ ಕನ್ನಡಿ ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದಳು. ನಗುವನ್ನು ತಡೆಯಲು ನೋಡಿ ಆಗದೆ ಹೇಳಿದಳು: "ಅಪ್ಪಾ, ಇದು ಉಲ್ಟಾ ಅಲ್ಲ. ಇಷ್ಟು ವರ್ಷ ನಾವೆಲ್ಲ ನೋಡಿದ್ದು ಕನ್ನಡಿಯಲ್ಲಿ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಕ್ಕಳ ಕೂದಲು ಕತ್ತರಿಸುವುದೆಂದರೆ ಹಾವಾಡಿಸಿದ ಹಾಗೆ. ತಲೆ ಒಂದು ಕಡೆ ನಿಲ್ಲುವುದಿಲ್ಲ. ಎದುರಿಗೆ ಎತ್ತರದಲ್ಲಿ ಟಿವಿ ಇಟ್ಟರೆ ಗಲ್ಲ ಮೇಲೆತ್ತುತ್ತಾರೆ, ಕುತ್ತಿಗೆಯ ಹಿಂದಿನ ಕೂದಲು ಮಡಿಚಿಕೊಂಡು ಕೆಡುತ್ತದೆ. ಪಕ್ಕದಲ್ಲಿಟ್ಟರೆ ಒಂದು ಕಿವಿಯ ಮೇಲೆ ಹೆಚ್ಚು, ಇನ್ನೊಂದರ ಮೇಲೆ ಕಡಿಮೆ. ಕತ್ತರಿಮಾಮ ಅಂಗಡಿ ಇಟ್ಟ ವರ್ಷವೇ ತಲೆ ಓಡಿಸಿ ಟಿವಿಯನ್ನು ಹಿಂದಿನ ಗೋಡೆಗೆ ಏರಿಸಿದ್ದ. ಮಗು ಎದುರಿನ ಕನ್ನಡಿಯಲ್ಲಿ ಅದನ್ನು ನೋಡುತ್ತಾ ಬೊಂಬೆಯಂತೆ ನೆಟ್ಟಗೆ ಕೂತುಬಿಡುತ್ತಿತ್ತು. ಬೆಂಚಿನಲ್ಲಿ ಕಾಯುವವರಿಗೂ ಟಿವಿ ನೆತ್ತಿಯ ಮೇಲೆ, ಅವರಿಗೂ ಕನ್ನಡಿಯೇ ಗತಿ. ಕ್ಯಾಸೆಟ್ಟಿನ ಯಂತ್ರ ಕನ್ನಡಿಯ ಕೆಳಗೆ ಬಾಚಣಿಗೆಗಳ ಪಕ್ಕದಲ್ಲಿತ್ತಾದ್ದರಿಂದ ಅವನೂ ಆ ಕಡೆ ತಿರುಗುವ ಪ್ರಮೇಯವೇ ಬರಲಿಲ್ಲ. ಚಿತ್ರದ ಆರಂಭದಲ್ಲಿ ಬರುವ ಅಕ್ಷರಗಳಾದರೂ ಗುಟ್ಟು ಬಿಟ್ಟುಕೊಡಬಹುದಿತ್ತು; ಅವು ಯಾವುದೋ ಪರದೇಶದ ಲಿಪಿ, ನೆಟ್ಟಗಿದ್ದರೂ ಇಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ.

ಅಂತೂ ಆ ಬೀದಿಯ ಎರಡು ತಲೆಮಾರಿನ ಮಕ್ಕಳು ಕರಿಗಿವಿಯ ನಾಯಿಯನ್ನು ತಿರುಗಾಮುರುಗಾ ನೋಡಿಯೇ ದೊಡ್ಡವರಾಗಿದ್ದರು.

ಕತ್ತರಿಮಾಮ ಹುಡುಗಿಯ ಕೂದಲನ್ನು ಅರ್ಧಕ್ಕೆ ಬಿಡಲಿಲ್ಲ. ಎರಡು ಕಿವಿಗಳ ಬದಿಯನ್ನೂ ಬಾಚಣಿಗೆ ಹಿಡಿದು ಅಳೆದು ಸಮ ಮಾಡಿದ, ಕುತ್ತಿಗೆಗೆ ಪೌಡರ್ ಹಾಕಿದ, ಹಲಗೆಯಿಂದ ಇಳಿಸಿದ. ಅರ್ಧಕ್ಕೆ ಬಿಟ್ಟ ಒಂದು ತಲೆ ಜೀವಮಾನದಲ್ಲಿ ಸಾಕಾಗಿತ್ತು. ತಾಯಿ ಮಗಳು ಹೋದ ಮೇಲೆ ಬೆಂಚಿನ ಮೇಲೆ ಕುಸಿದು ಕೂತ.

"ಅಣ್ಣ ಹೇಳಿದ್ದೇ ಸರಿ," ಎಂದ.

ಮಗಳ ನಗು ನಿಂತಿತು. ಅಣ್ಣ ಎಂಬ ಮಾತು ಆ ಅಂಗಡಿಯಲ್ಲಿ ಒಂಬತ್ತು ವರ್ಷಗಳಿಂದ ಯಾರ ಬಾಯಲ್ಲೂ ಬಂದಿರಲಿಲ್ಲ.

ಅಣ್ಣ ಎಂದರೆ ಟಾಕೀಸಿನ ಆಪರೇಟರ್. ಹದಿನೇಳನೇ ವಯಸ್ಸಿಗೆ ಯಂತ್ರದ ಕೋಣೆ ಹೊಕ್ಕವನು, ನಲವತ್ತು ವರ್ಷ ಅಲ್ಲಿಂದ ಹೊರಗೆ ಬರಲಿಲ್ಲ ಎಂದರೂ ನಡೆಯುತ್ತದೆ. ಎಂಟು ವರ್ಷದ ತಮ್ಮನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಗೋಡೆಯ ಚಿಕ್ಕ ಕಿಂಡಿಯಲ್ಲಿ ಮೊದಲ ಸಲ ಆ ನಾಯಿಯನ್ನು ತೋರಿಸಿದವನು ಅವನೇ. ದೊಡ್ಡ ಚಿತ್ರಕ್ಕೆ ಮುಂಚೆ ಏಳು ನಿಮಿಷದ ಕಾರ್ಟೂನು. ಯಂತ್ರದ ಬಿಸಿ, ಕಿಟಿಕಿಟಿ ಸದ್ದು, ಕೆಳಗೆ ಕತ್ತಲಲ್ಲಿ ನೂರಾರು ಮಕ್ಕಳ ನಗು. ತಮ್ಮ ಸ್ಟೂಲಿನಿಂದ ಬೀಳುವಷ್ಟು ನಕ್ಕಿದ್ದ. ಆಮೇಲೆ ಮನೆಯಲ್ಲಿ ಏನಾದರೂ ಒಡೆದು ಹಾಕಿ ಸಿಕ್ಕಿಬಿದ್ದರೆ ಅಣ್ಣ ತಮ್ಮ ಇಬ್ಬರೂ ಒಂದೊಂದು ಕಿವಿಯನ್ನು ಕಣ್ಣಿನ ಕಡೆಗೆ ಎಳೆದುಕೊಂಡು ಅಮ್ಮನ ಮುಂದೆ ನಿಲ್ಲುತ್ತಿದ್ದರು. ಎತ್ತಿದ ಕೈ ಇಳಿಸದೆ ಅಮ್ಮನಿಗೆ ಬೇರೆ ದಾರಿ ಇರುತ್ತಿರಲಿಲ್ಲ.

ಕತ್ತರಿಮಾಮ ಕತ್ತರಿ ಹಿಡಿಯಲು ಕಲಿಯುವ ಕಾಲಕ್ಕೆ ಊರಿಗೆ ಟಿವಿ ಬಂತು. ಟಿವಿ ಮಾರುವ ಅಂಗಡಿಯ ಗಾಜಿನ ಹೊರಗೆ ನಿಂತು, ಮುಂದಿನವರ ಹೆಗಲುಗಳ ಸಂದಿಯಲ್ಲಿ, ಸದ್ದೇ ಕೇಳಿಸದ ಕಾರ್ಟೂನುಗಳನ್ನು ಅವನು ಭಾನುವಾರ ಬೆಳಿಗ್ಗೆ ನೋಡಿದ. ಮೀಸೆ ಬಂದಿದೆ, ಇನ್ನೂ ಇದೇನು ಹುಚ್ಚು ಎಂದು ಗುರುಗಳು ಬೈದರು. ಬೈಯಲಿ ಬಿಡು ಎಂದುಕೊಂಡ. ಕೈಯಿಂದ ಬರೆದ ಹಳೆಯ ಚಿತ್ರಗಳೆಂದರೆ ಅವನಿಗೆ ಪ್ರಾಣ. ಗೆರೆ ಒಂಚೂರು ನಡುಗುತ್ತಿತ್ತು. ಬರೆದವನ ಕೈ ಅಲ್ಲೇ ಎಲ್ಲೋ ಇದೆ ಅನಿಸುತ್ತಿತ್ತು. ನಾಯಿಯ ಹೊಟ್ಟೆ ನಾಯಿಗಿಂತ ಒಂದು ಕ್ಷಣ ತಡವಾಗಿ ನಿಲ್ಲುತ್ತಿತ್ತು. ರೋಡ್ ರೋಲರಿನ ಕೆಳಗೆ ಸಿಕ್ಕು ಚಪ್ಪಟೆಯಾದವರೂ ಮರುಗಳಿಗೆ ಮೈ ಕೊಡವಿಕೊಂಡು ಎದ್ದು ಬರುತ್ತಿದ್ದರು. ಈಗಿನವು ಪ್ಲಾಸ್ಟಿಕ್ಕಿನ ಬಕೆಟ್ಟಿನ ಹಾಗೆ ಮಿರಮಿರ ಮಿಂಚುತ್ತವೆ, ಕಿರುಚುತ್ತವೆ, ಬಿದ್ದರೆ ನೋವಾದ ಹಾಗೂ ಕಾಣುವುದಿಲ್ಲ ಎಂದು ಅವನ ದೂರು.

ಅಂಗಡಿ ಇಟ್ಟಾಗ ಅಣ್ಣ ಕೊಟ್ಟ ಉಡುಗೊರೆಯೇ ಆ ಕ್ಯಾಸೆಟ್ಟು. ಹಳೆಯ ರೀಲನ್ನು ಬಿಸಾಡುವ ಮುಂಚೆ, ಒಂದು ಮಧ್ಯಾಹ್ನ ಖಾಲಿ ಟಾಕೀಸಿನಲ್ಲಿ ಅದನ್ನು ಕೊನೆಯ ಸಲ ಓಡಿಸಿ, ಮದುವೆಗಳ ವಿಡಿಯೋ ತೆಗೆಯುವ ಗೆಳೆಯನಿಂದ ತೆರೆಯ ಮೇಲಿನದನ್ನು ಹಾಗೇ ಹಿಡಿಸಿದ್ದ. ಹಾಗಾಗಿ ಅದರಲ್ಲಿ ಒಂದು ವಿಶೇಷವಿತ್ತು. ನಾಯಿ ಕಂಬದ ಹಿಂದೆ ಮಾಯವಾಗುವ ಕಡೆ, ಸಂಗೀತದ ಜೊತೆಗೆ, ಖಾಲಿ ಟಾಕೀಸಿನಲ್ಲಿ ಒಬ್ಬನೇ ಒಬ್ಬ ನಗುವುದು ಕೇಳಿಸುತ್ತಿತ್ತು. ಅದು ಅಣ್ಣನ ನಗು. ಸಾವಿರ ಸಲ ಓಡಿಸಿದ ಚಿತ್ರಕ್ಕೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಜಗಳ ಆದದ್ದು ಒಂಬತ್ತು ವರ್ಷದ ಹಿಂದೆ. ಜಗಳದ ಕಾರಣ ಕೇಳಿದರೆ ನೀವು ನಗುತ್ತೀರಿ. ಕತ್ತರಿಮಾಮ ಅಂಗಡಿಗೆ ಹೊಸ ಬೋರ್ಡು ಬರೆಸಿ, ಅದರಲ್ಲಿ ನಾಯಿಯನ್ನೂ ಬರೆಸಿದ್ದ. ಕೂದಲು ಕತ್ತರಿಸಿಕೊಳ್ಳಲು ಬಂದ ಅಣ್ಣ ಹೊರಗೆ ನಿಂತು ಅದನ್ನು ನೋಡಿ, ಒಳಗೆ ಬಂದು, ಕರಿ ಬಣ್ಣ ತಪ್ಪು ಕಿವಿಗೆ ಹಚ್ಚಿಸಿದ್ದೀಯ, ಅದು ಬಲಗಿವಿ ಎಂದ. ಅಲ್ಲ, ಎಡಗಿವಿ ಎಂದ ತಮ್ಮ. ಕುರ್ಚಿಯಲ್ಲಿ ಕೂತು, ತಲೆಯ ಮೇಲೆ ಕತ್ತರಿ ಆಡುವಾಗಲೂ ಅಣ್ಣ ಪಟ್ಟು ಬಿಡಲಿಲ್ಲ. ಅವನು ಯಾವಾಗಲೂ ಕುರ್ಚಿಯಲ್ಲಿ ಕೂತ ಕೂಡಲೇ ಸೋಡಾ ಬಾಟಲಿ ತಳದಂಥ ಕನ್ನಡಕ ತೆಗೆದಿಟ್ಟು ಕಣ್ಣು ಮುಚ್ಚಿ ತೂಕಡಿಸುವವನು. ಆ ಕನ್ನಡಿಯಲ್ಲಿ ಏನು ಓಡುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವನಿಗೆ ಗೊತ್ತಿದ್ದದ್ದು ತೆರೆಯ ಮೇಲಿನ ನಾಯಿ. ರಜೆಯ ದಿನ, ಅಂಗಡಿ ತುಂಬ ಜನ. ಎಲ್ಲರೂ ಆ ಕುರ್ಚಿಯಲ್ಲಿ ಕೂತು ಬೆಳೆದವರೇ. ಎಡಗಿವಿ, ಎಡಗಿವಿ ಎಂದು ಒಂದೇ ಬಾಯಲ್ಲಿ ಹೇಳಿದರು. ಆಗಲಾದರೂ ಕತ್ತರಿಮಾಮ ಸುಮ್ಮನಿರಬಹುದಿತ್ತು. ಜನ ತನ್ನ ಕಡೆಗಿದ್ದಾರೆಂಬ ಹುರುಪಿನಲ್ಲಿ ಅವನ ನಾಲಿಗೆ ಜಾರಿತು.

"ನಲವತ್ತು ವರ್ಷ ರೀಲು ಉಲ್ಟಾ ಹಾಕಿ ಓಡಿಸಿದ್ದೀಯೋ ಏನೋ," ಎಂದುಬಿಟ್ಟ.

ಅಂಗಡಿಗೆ ಅಂಗಡಿಯೇ ನಕ್ಕಿತು. ಅದೇ ವರ್ಷ ಟಾಕೀಸಿಗೆ ಕಂಪ್ಯೂಟರ್ ಬಂದು, ಅಣ್ಣನ ಯಂತ್ರವನ್ನು ಗುಜರಿಗೆ ಹಾಕಿ, ಅವನನ್ನು ಮನೆಗೆ ಕಳಿಸಿದ್ದರು. ಅಣ್ಣ ಕುರ್ಚಿಯಿಂದ ಎದ್ದ. ಕನ್ನಡಕ ಹಾಕಿಕೊಂಡ, ಕೊರಳಿನ ಬಟ್ಟೆ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟ, ಹೊರಟುಹೋದ. ತಲೆಯ ಬಲಗಡೆ ಮುಗಿದಿತ್ತು, ಎಡಗಡೆ ಹಾಗೇ ಇತ್ತು. ಸಂಜೆಯೊಳಗೆ ಬರುತ್ತಾನೆ, ಅರ್ಧ ತಲೆಯಲ್ಲಿ ಎಲ್ಲಿಗೆ ಹೋಗುತ್ತಾನೆ ಎಂದು ತಮ್ಮ ಕಾದ. ಅಣ್ಣ ಅರ್ಧ ತಲೆಯಲ್ಲೇ ಪೇಟೆ ದಾಟಿ ಬೇರೆ ಅಂಗಡಿಗೆ ಹೋಗಿದ್ದ. ಅಲ್ಲಿಂದ ಮುಂದೆ ಮದುವೆ ಮನೆಗಳಲ್ಲಿ ಒಬ್ಬ ಈ ತುದಿ, ಒಬ್ಬ ಆ ತುದಿ. ಕ್ಷಮೆ ಕೇಳಬೇಕೆಂದು ತಮ್ಮನಿಗೆ ಅನಿಸದೆ ಇರಲಿಲ್ಲ. ಆದರೆ ಎಡಗಿವಿ ಎಡಗಿವಿಯೇ ತಾನೆ, ಸುಳ್ಳು ಹೇಗೆ ಒಪ್ಪಿಕೊಳ್ಳುವುದು ಎಂದು ಹಠ. ಈ ಒಂಬತ್ತು ವರ್ಷವೂ ಅಣ್ಣನ ನಗು ಮಾತ್ರ ದಿನಕ್ಕೆ ಹತ್ತು ಸಲ ಅಂಗಡಿಯಲ್ಲಿ ಕೇಳಿಸುತ್ತಲೇ ಇತ್ತು. ಕ್ಯಾಸೆಟ್ಟು ಬದಲಿಸಲು ಅವನಿಗೆ ಮನಸ್ಸು ಬರಲಿಲ್ಲ.

ಮೊನ್ನೆ ಅತ್ತಿಗೆ ಫೋನ್ ಮಾಡಿದ್ದರು. ಅಣ್ಣನಿಗೆ ಶುಕ್ರವಾರ ಎದೆಯ ಆಪರೇಷನ್. ಎರಡು ತಿಂಗಳಿಂದ ಕೂದಲು ಗಡ್ಡ ಮುಟ್ಟಲು ಯಾರನ್ನೂ ಬಿಡುತ್ತಿಲ್ಲ, ಮನೆಗೆ ಬಂದವನನ್ನೂ ವಾಪಸು ಕಳಿಸಿದರು. ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ನೀವು ಬರಲಿ ಅಂತಲೇ ಇರಬೇಕು ಎಂದಿದ್ದರು. ನೋಡೋಣ ಅತ್ತಿಗೆ ಎಂದು ಇವನು ಫೋನ್ ಇಟ್ಟಿದ್ದ. ಇವತ್ತು ಬುಧವಾರ.

ಕತ್ತರಿಮಾಮ ಎದ್ದು ಬ್ಯಾಗಿಗೆ ಕತ್ತರಿ, ಬಾಚಣಿಗೆ, ಬಿಳಿ ಬಟ್ಟೆ ತುಂಬಿದ. ಟಿವಿಯಿಂದ ಪೆನ್‌ಡ್ರೈವ್ ಕಿತ್ತುಕೊಡು ಎಂದು ಮಗಳನ್ನು ಕೇಳಿದ.

"ಕನ್ನಡಿ ವಿಷಯ ದೊಡ್ಡಪ್ಪನಿಗೆ ಬಿಡಿಸಿ ಹೇಳು," ಎಂದಳು ಮಗಳು.

"ಹೇಳಲ್ಲ. ಹೇಳಿದ್ರೆ ನೆಪ ಆಗುತ್ತೆ. ತಪ್ಪು ತಪ್ಪೇ."

ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆದ. ಅಣ್ಣ ಬಾಗಿಲಲ್ಲೇ ನಿಲ್ಲಿಸಿ ಹೋಗು ಎಂದರೆ ಏನು ಮಾಡುವುದು? ಶುಕ್ರವಾರ ಏನಾದರೂ ಹೆಚ್ಚು ಕಡಿಮೆಯಾದರೆ ಈ ಮಾತನ್ನು ಯಾರ ಮುಂದೆ ಆಡುವುದು? ಆ ಯೋಚನೆಗೆ ಬಂದಾಗ ಅವನ ನಡಿಗೆ ತಾನಾಗಿ ಬಿರುಸಾಯಿತು.

ಅತ್ತಿಗೆ ಬಾಗಿಲು ತೆಗೆದು, ಏನೂ ಕೇಳದೆ, ಪೆನ್‌ಡ್ರೈವನ್ನು ಅವನ ಕೈಯಿಂದ ಇಸಿದುಕೊಂಡು ಒಳಕೋಣೆ ತೋರಿಸಿದರು. ಅಣ್ಣ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ. ಬಡಕಲಾಗಿದ್ದ. ಬಿಳಿ ಕೂದಲು ಕಿವಿಯನ್ನು ಮುಚ್ಚಿ ಕೊರಳಿಗೆ ಇಳಿದಿತ್ತು. ತಮ್ಮನನ್ನು ನೋಡಿ, ಕೈಯಲ್ಲಿದ್ದ ಬ್ಯಾಗು ನೋಡಿ, ಮತ್ತೆ ಕಿಟಕಿಯ ಹೊರಗೆ ನೋಡಿದ. ಹೋಗು ಎನ್ನಲಿಲ್ಲ.

"ಅಂಗಡಿ ಯಾರು ನೋಡ್ಕೋತಿದ್ದಾರೆ?" ಎಂದ. ಒಂಬತ್ತು ವರ್ಷದ ಮೇಲೆ ಆಡಿದ ಮೊದಲ ಮಾತು.

"ಮಗಳು."

ಕತ್ತರಿಮಾಮನಿಗೆ ಕೈ ಖಾಲಿ ಇದ್ದರೆ ಮಾತು ಬರುವುದಿಲ್ಲ. ಅಣ್ಣನನ್ನು ತೋಳು ಹಿಡಿದು ಎಬ್ಬಿಸಿ, ಕುರ್ಚಿಯನ್ನು ಬೀರುವಿನ ಉದ್ದ ಕನ್ನಡಿಯ ಮುಂದಕ್ಕೆ ಎಳೆದು, ಕೂರಿಸಿ, ಬಟ್ಟೆ ಹೊದಿಸಿದ. ಕಸುಬಿನ ಅಭ್ಯಾಸ, ಕನ್ನಡಿ ಕಂಡಲ್ಲಿ ಕುರ್ಚಿ. ಬಟ್ಟೆಯ ಗಂಟು ಹಾಕುತ್ತಾ, ಕನ್ನಡಿಯಲ್ಲಿ ಅಣ್ಣನ ಮುಖ ನೋಡುತ್ತಾ, ಉರು ಹೊಡೆದದ್ದೆಲ್ಲ ಮರೆತು ಹೇಳಿದ.

"ಅಣ್ಣ, ಅದು ಬಲಗಿವಿ. ನೀನು ಹೇಳಿದ್ದೇ ಸರಿ. ಆವತ್ತು ಆ ಮಾತು ನಾನು ಆಡಬಾರದಿತ್ತು."

"ಯಾವ ಮಾತು?"

ಬಿಡುವವನಲ್ಲ ಅಣ್ಣ. ತಮ್ಮ ಗಂಟು ಹಾಕಿ ಮುಗಿಸಿದ. "ರೀಲು ಉಲ್ಟಾ ಹಾಕಿದ್ದೆ ಅಂತ."

"ಒಂದೇ ಒಂದು ದಿನ ಹಾಕಿಲ್ಲ."

"ಹಾಕಿಲ್ಲ. ನನಗೆ ಗೊತ್ತು. ಆವತ್ತೂ ಗೊತ್ತಿತ್ತು."

ಅಣ್ಣ ಮೂಗಿನಿಂದ ಉಸಿರು ಬಿಟ್ಟ. ಆಮೇಲೆ ತಾನಾಗಿ ತಲೆ ಬಗ್ಗಿಸಿ ಕೊಟ್ಟ. ಕತ್ತರಿಮಾಮನ ಕಣ್ಣು ಮಂಜಾಯಿತು. ತೋಳಿಗೆ ಒರೆಸಿಕೊಂಡು ಬಾಚಣಿಗೆ ತೆಗೆದುಕೊಂಡ. ಯಾವ ತಲೆಯಾದರೂ ಬಲಗಡೆಯಿಂದ ಶುರು ಮಾಡುವವನು ಇವತ್ತು ಎಡಗಡೆಯಿಂದ ಶುರು ಮಾಡಿದ. ಎಡಗಡೆಯೇ ಬಾಕಿ ಉಳಿದಿದ್ದದ್ದು.

ಕಿವಿಯ ತನಕ ಬಂದಾಗ ಅಣ್ಣ ಕನ್ನಡಕ ತೆಗೆಯಲು ಬಟ್ಟೆಯೊಳಗಿಂದ ಕೈ ಎತ್ತಿದ. "ಇವತ್ತು ಇರಲಿ, ನಾನು ಸುತ್ತ ಕತ್ತರಿಸ್ತೀನಿ," ಎಂದ ತಮ್ಮ. ಎರಡು ತಿಂಗಳ ಮೇಲೆ ತಲೆ ಹಗುರವಾಗುವುದನ್ನು ಅಣ್ಣ ನೋಡಲಿ ಎಂದಷ್ಟೇ ಅವನ ಮನಸ್ಸಿನಲ್ಲಿದ್ದದ್ದು. ಆಗಲೇ ಬೆನ್ನ ಹಿಂದೆ ಸಂಗೀತ ಕೇಳಿಸಿತು. ಕಾಯಿಲೆಯವನಿಗೆ ಬೇಸರ ಬರದಿರಲೆಂದು ಕೋಣೆಗೆ ತಂದಿಟ್ಟಿದ್ದ ಟಿವಿಗೆ ಅತ್ತಿಗೆ ಪೆನ್‌ಡ್ರೈವ್ ಸಿಕ್ಕಿಸಿ, ಮಂಚದ ತುದಿಯಲ್ಲಿ ಕೂತಿದ್ದರು. ಅಣ್ಣ ತಟ್ಟನೆ ಕುತ್ತಿಗೆ ತಿರುಗಿಸಲು ಹೋದ. ಕತ್ತರಿಮಾಮನ ಎರಡು ಬೆರಳು ಯೋಚನೆಗಿಂತ ಮುಂಚೆ ಕೆಲಸ ಮಾಡಿದವು. ಗಲ್ಲ ಹಿಡಿದು ತಲೆಯನ್ನು ನೆಟ್ಟಗೆ ನಿಲ್ಲಿಸಿದವು.

"ತಲೆ ಆಡಿಸಬೇಡ. ಕನ್ನಡಿಯಲ್ಲಿ ನೋಡು."

ಅಣ್ಣ ಕನ್ನಡಿಯಲ್ಲಿ ನೋಡಿದ. ಹೆಬ್ಬಾತು ಬಾಟಲಿ ಕಚ್ಚಿಕೊಂಡು ಓಡಿತು. ನಾಯಿ ಓಡಿತು. ಕಂಬದ ಹಿಂದೆ ಮಾಯವಾಯಿತು. ಖಾಲಿ ಟಾಕೀಸಿನಲ್ಲಿ ಒಬ್ಬ ಜೋರಾಗಿ ನಕ್ಕ.

"ಯಾರದು ನಗ್ತಿರೋದು?"

"ನೀನೇ."

"ನಾನಾ?" ಅಣ್ಣ ಕಿವಿಗೊಟ್ಟು ಕೇಳಿದ. ಆ ನಗುವಿಗೆ ಉಬ್ಬಸವಿರಲಿಲ್ಲ, ಕೆಮ್ಮಿರಲಿಲ್ಲ. ಎದೆಯ ತಳದಿಂದ ಬರುತ್ತಿತ್ತು. "ಎಷ್ಟು ಚೆನ್ನಾಗಿ ನಗ್ತಿದ್ದೆ," ಎಂದ, ಬೇರೆ ಯಾರನ್ನೋ ಹೊಗಳುವವನ ಹಾಗೆ. ಈಗಲೂ ನಗಬಹುದು, ಯಾರೂ ಬೇಡ ಅಂದಿಲ್ಲ ಎಂದು ಮಂಚದ ಮೇಲಿಂದ ಅತ್ತಿಗೆ ಸೇರಿಸಿದರು.

ನಾಯಿ ಹಾಲಿನಲ್ಲಿ ಜಾರಿ ಬಿತ್ತು. ಎದ್ದು ಕೂತು, ಮುಖ ತಿರುಗಿಸಿ, ಕರಿ ಕಿವಿಯನ್ನು ಕಣ್ಣಿನ ಮೇಲೆ ಎಳೆದುಕೊಂಡಿತು. ಕನ್ನಡಿಯೊಳಗೆ ಅದು ಎಡಗಿವಿ.

ಅಣ್ಣ ಕಣ್ಣು ಕಿರಿದು ಮಾಡಿದ. ನಾಯಿಯನ್ನು ನೋಡಿದ, ಕನ್ನಡಿಯ ಅಂಚನ್ನು ನೋಡಿದ, ಆಮೇಲೆ ತನ್ನ ತಲೆಯ ಮೇಲಿದ್ದ ತಮ್ಮನ ಮುಖ ನೋಡಿದ. ನಲವತ್ತು ವರ್ಷ ಬೆಳಕನ್ನು ಗಾಜಿನೊಳಗಿಂದ ತೂರಿಸಿದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಿನ್ನ ಅಂಗಡಿಯಲ್ಲಿ ಟಿವಿ ಇದ್ದದ್ದು ಬೆಂಚಿನ ಮೇಲಲ್ವಾ?"

"ಹೂಂ."

"ಕುರ್ಚಿ ಹಿಂದೆ."

"ಹೂಂ. ಇವತ್ತೇ ಗೊತ್ತಾಗಿದ್ದು ಅಣ್ಣ."

ಚಿತ್ರ ಮುಗಿಯಿತು. ಅತ್ತಿಗೆ ಹೇಳಿಸಿಕೊಳ್ಳದೆಯೇ ಮತ್ತೆ ಮೊದಲಿನಿಂದ ಹಾಕಿದರು. ಕತ್ತರಿಮಾಮ ಎಡಗಿವಿಯ ಮೇಲಿನ ಕೂದಲನ್ನು ಬಾಚಣಿಗೆಯಲ್ಲಿ ಎತ್ತಿ ಹಿಡಿದ. ಅಲ್ಲೊಂದು ನಾಲ್ಕು ಕತ್ತರಿ ಹಾಕಿದರೆ ಈ ಕಡೆ ಮುಗಿಯುತ್ತಿತ್ತು.

"ಬೋರ್ಡು ಹಾಗೇ ಇರಲಿ. ಬದಲಾಯಿಸಬೇಡ," ಎಂದ ಅಣ್ಣ.

ಬಿಳಿ ಬಟ್ಟೆಯ ಕೆಳಗೆ ಏನೋ ಅಲುಗಾಡಿತು. ಅಣ್ಣನ ಒಣಗಿದ ಎಡಗೈ ಹೊರಗೆ ಬಂದು, ತಡವರಿಸಿ, ಎಡಗಿವಿಯ ಹಾಲೆ ಹಿಡಿದು ಕಣ್ಣಿನ ಕಡೆಗೆ ಎಳೆದುಕೊಂಡಿತು. ಹಿಂದೆ ಟಾಕೀಸಿನಲ್ಲಿ ಆ ಒಬ್ಬನೇ ಒಬ್ಬ ಮತ್ತೆ ನಗಲು ಶುರು ಮಾಡಿದ. ಕತ್ತರಿಮಾಮ ಕತ್ತರಿಯನ್ನು ಮೇಲೆತ್ತಿ ಹಿಡಿದು, ಅಣ್ಣ ಕಿವಿ ಬಿಡುವುದನ್ನು ಕಾಯುತ್ತಾ ನಿಂತ.